ಮಗ್ಗುಲು ಬಂತು

ನಮ್ಮ ಹೊಳೆಯಲ್ಲಿ ನಡುನೀರು ದಾಟಿದ ಮೇಲೆ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದರೆ ದೋಣಿ ಬಲಕ್ಕೆ ಹೋಗುತ್ತದೆ. ಬಲಕ್ಕೆ ತಿರುಗಿಸಿದರೆ ಎಡಕ್ಕೆ. ವಾಪಸು ಬರುವಾಗ ಅದೇ ಜಾಗ ದಾಟಿದ ಕೂಡಲೇ ಮತ್ತೆ ಎಲ್ಲ ಸರಿಯಾಗುತ್ತದೆ. ಸರಿಯಾಗುತ್ತದೆ ಎಂದು ನಾವು ಈಚೆ ದಡದವರು ಹೇಳುವುದು. ಆಚೆ ದಡದವರು ಅವರ ಕಡೆಯದೇ ಸರಿ ಎನ್ನುತ್ತಾರೆ. ಈ ವಿಷಯವಾಗಿ ಮದುವೆಮನೆಗಳಲ್ಲಿ ಎಷ್ಟೋ ಮಾತಿಗೆ ಮಾತು ಬೆಳೆದಿದೆ, ತೀರ್ಮಾನ ಆಗಿಲ್ಲ. ಯಾಕೆ ಹೀಗೆ ಎಂದು ಕೇಳುವವರು ಹೊರಗಿನಿಂದ ಬಂದವರು ಮಾತ್ರ. ನಮಗೆ ದೋಣಿ ಆಚೆ ಮುಟ್ಟಿದರೆ ಸಾಕು.

ಆ ಜಾಗಕ್ಕೆ ಮಗ್ಗುಲು ಎಂದು ಹೆಸರು. ಹೊಳೆ ಅಲ್ಲಿ ಮಗ್ಗುಲು ಬದಲಿಸಿ ಮಲಗುತ್ತದೆ ಎಂದು ಹಳಬರು ಹೇಳುತ್ತಿದ್ದರು. ಅದು ಒಂದೇ ಕಡೆ ಇರುವಂಥದ್ದೂ ಅಲ್ಲ. ಇವತ್ತು ಹೊಳೆಯ ನಡುವಿನ ಆಮೆಕಲ್ಲಿನ ಈಚೆ ಇದ್ದರೆ ನಾಳೆ ಅದರ ಆಚೆ. ನೀರಿನ ಮೇಲೆ ಗೆರೆ ಇಲ್ಲ, ಬಣ್ಣ ಬೇರೆ ಇಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಗೊತ್ತಾಗುವುದು ಅಂಗೈಗೆ. ನಮ್ಮ ಬೆರಳು ಹಿಡಿದುಕೊಂಡ ಮಗುವಿಗೆ ನಿದ್ದೆ ಹತ್ತಿದಾಗ ಹಿಡಿತ ಸಡಿಲವಾಗುತ್ತದಲ್ಲ, ಹಾಗೆ ಚುಕ್ಕಾಣಿ ಒಂದು ಗಳಿಗೆ ಹಗುರಾಗುತ್ತದೆ. ಆಗ ಚುಕ್ಕಾಣಿ ಹಿಡಿದವರು "ಮಗ್ಗುಲು ಬಂತು" ಎಂದು ಕೂಗಬೇಕು. ದೋಣಿಯಲ್ಲಿದ್ದವರೆಲ್ಲ ಚೀಲವೋ ಬುಟ್ಟಿಯೋ ಕೊಡೆಯೋ, ಕೈಯಲ್ಲಿ ಏನಿದೆಯೋ ಅದನ್ನು ಇನ್ನೊಂದು ಕೈಗೆ ಬದಲಿಸಿಕೊಳ್ಳಬೇಕು. ಬದಲಿಸದಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಕೂಗು ಕೇಳಿಯೂ ಬದಲಿಸದೆ ದಾಟಿದವರನ್ನು ನಾನು ನೋಡಿಲ್ಲ.

ನನ್ನ ಹೆಸರು ಸುಗಂಧಿ. ಈ ಕಡವಿನ ದೋಣಿಯ ಚುಕ್ಕಾಣಿ ನನ್ನ ಕೈಗೆ ಬಂದು ಬಹಳ ವರ್ಷಗಳಾದವು. ಮದುವೆಯಾಗು ಎಂದು ದುಂಬಾಲು ಬಿದ್ದವರಿಗೆಲ್ಲ ಆಚೆ ದಡದಲ್ಲಿ ಗಂಡು ನೋಡಿ, ನಾನೇ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದೆ. ಕರೆದುಕೊಂಡು ಹೋಗಿ, ಅವರನ್ನು ಹಾಗೆಯೇ ವಾಪಸು ತಂದು ಬಿಡುತ್ತಿದ್ದೆ. ದೋಣಿಯಲ್ಲಿ ನಾನು ಒಮ್ಮೆ ತಿರುಗಿ ನೋಡಿದರೆ ಜನ ಕಾಲು ಮಡಚಿ ಕೂರುತ್ತಾರೆ. ದಡಕ್ಕೆ ಇಳಿದರೆ ಪೇಟೆಯಲ್ಲಿ ಎಲ್ಲಿ ನಿಲ್ಲಬೇಕೆಂದೇ ನನಗೆ ತಿಳಿಯುವುದಿಲ್ಲ. ಚುಕ್ಕಾಣಿ ಇಲ್ಲದ ಸುಗಂಧಿ ಯಾರು ಎಂದು ನನಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ.

ನನಗೆ ಕಲಿಸಿದವರು ಕುಪ್ಪಯ್ಯ. ನನಗಿಂತ ಮೊದಲು ಈ ದೋಣಿ ಅವರದಾಗಿತ್ತು. ತೆನೆ ಹಬ್ಬದ ಮರುದಿನ ನಮ್ಮಲ್ಲಿ ಕಣ್ಣುಕಟ್ಟು ಎಂದು ಒಂದು ಪದ್ಧತಿ ಇದೆ. ಚುಕ್ಕಾಣಿಯವರ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ದೋಣಿ ತುಂಬ ಜನ ಕೈಯಲ್ಲಿ ಭಾರ ಹಿಡಿದು ಕೂರುತ್ತಾರೆ, ಖಾಲಿ ಕೈಯಲ್ಲಿ ಹತ್ತುವಂತಿಲ್ಲ. ದಾರಿ ಹೇಳಲು ಒಬ್ಬರು ದೋಣಿಯ ಮುಂದಿನ ಮೂತಿಯಲ್ಲಿ ನಿಂತು ಕಲ್ಲು ಎಡಕ್ಕಿದೆ, ದಡ ಹತ್ತಿರವಾಯಿತು ಎಂದೆಲ್ಲ ಹೇಳುತ್ತಾರೆ. ಆದರೆ ಮಗ್ಗುಲನ್ನು ಯಾರೂ ಹೇಳುವಂತಿಲ್ಲ, ಹೇಳಲು ಅವರಿಗೆ ಗೊತ್ತಿರುವುದೂ ಇಲ್ಲ. ಅದನ್ನು ಚುಕ್ಕಾಣಿಯವರೇ ಹಿಡಿಯಬೇಕು. ತಪ್ಪಿದರೆ ದೋಣಿ ಅಡ್ಡ ಹೋಗಿ ತಾನೇ ಹೇಳಿಬಿಡುತ್ತದೆ, ಅಂದಿಗೆ ಚುಕ್ಕಾಣಿ ಬಿಡಬೇಕು. ಕುಪ್ಪಯ್ಯನವರ ಕೈಗೆ ವಯಸ್ಸಾಗಿ ಒಂದು ವರ್ಷ ಹಾಗೆಯೇ ಆಯಿತು. ದೋಣಿ ದಡದ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ನುಗ್ಗಿ ನಿಂತಾಗ ಅವರು ಕಣ್ಣಿನ ಬಟ್ಟೆಯನ್ನು ತಾವೇ ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟರು. ಮರುದಿನದಿಂದ ಕಡವಿನ ಬೆಂಚಿನ ಮೇಲೆ ಕೂತು, ದೋಣಿ ದಡಕ್ಕೆ ಬರುವಾಗ ಗಂಟೆ ಹೊಡೆಯುವ ಕೆಲಸ ಹಿಡಿದರು. ಚುಕ್ಕಾಣಿ ಬಿಟ್ಟವರಿಗೆ ನಮ್ಮೂರು ಕೊಡುವ ಮರ್ಯಾದೆ ಅದು. ಆ ದಿನದಿಂದ ಅವರು ದೋಣಿ ಹತ್ತಿದ್ದನ್ನು ಯಾರೂ ನೋಡಿರಲಿಲ್ಲ.

ನನ್ನ ಕೈ ಹಾಳಾದದ್ದು ವಯಸ್ಸಿನಿಂದಲ್ಲ, ಸಕ್ಕರೆ ಕಾಯಿಲೆಯಿಂದ. ಚಹಾಕ್ಕೆ ನಾನು ಹಾಕಿಕೊಳ್ಳುತ್ತಿದ್ದ ಸಕ್ಕರೆ ನೋಡಿ ಹೋಟೆಲಿನವನು ಪಾಯಸ ಮಾಡಿ ಕೊಡಲೇ ಅಕ್ಕ ಎಂದು ಕೇಳುತ್ತಿದ್ದ. ಮೊದಲು ಪಾದ ಜೋಮು ಹಿಡಿಯಿತು, ಆಮೇಲೆ ಬೆರಳ ತುದಿ, ಕೊನೆಗೆ ಅಂಗೈ. ಬಿಸಿ ಲೋಟ ಹಿಡಿದರೆ ಬೊಬ್ಬೆ ಎದ್ದ ಮೇಲೆಯೇ ಬಿಸಿ ಎಂದು ಗೊತ್ತಾಗುವುದು. ಡಾಕ್ಟರು ಪಥ್ಯ ಹೇಳಿದರು, ಮಾತ್ರೆ ಕೊಟ್ಟರು. ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬಹುದು, ಹೋದದ್ದು ವಾಪಸು ಬರುವುದು ಕಷ್ಟ ಎಂದರು. ಪಥ್ಯ ಮಾಡಿದೆ. ಬಲ ಎಲ್ಲ ಹಾಗೆಯೇ ಇತ್ತು, ಹಿಡಿದದ್ದನ್ನು ಬಿಡುವ ಕೈ ಅಲ್ಲ ನನ್ನದು. ಆದರೆ ಏನು ಹಿಡಿದಿದ್ದೇನೆ ಎಂಬುದು ಮಾತ್ರ ಕೈಗೆ ತಿಳಿಯುತ್ತಿರಲಿಲ್ಲ.

ಕೆಲವು ವಾರ ಕಣ್ಣಿನಿಂದ ನಡೆಸಿದೆ. ದೋಣಿ ಉಲ್ಟಾ ಹೊರಳುವುದನ್ನು ನೋಡಿ ಕೈ ಬದಲಿಸುವುದು. ನೋಡಿ ತಿಳಿಯುವಷ್ಟರಲ್ಲಿ ದೋಣಿ ತಪ್ಪಿಯಾಗಿರುತ್ತದೆ. ಒಂದು ಬೆಳಿಗ್ಗೆ ಮಂಜು ಮುಸುಕಿತ್ತು, ಸೆಳೆತ ಜೋರಿತ್ತು, ಆಮೆಕಲ್ಲಿಗೆ ಹೋಗಿ ಬಡಿದೆವು. ಯಾರಿಗೂ ಪೆಟ್ಟಾಗಲಿಲ್ಲ. ಮೀನು ಮಾರುವ ವಾರಿಜಳ ಬುಟ್ಟಿ ಮಾತ್ರ ನೀರಿಗೆ ಹೋಯಿತು. ವಾರಿಜ ನನ್ನ ಓರಗೆಯವಳು, ದಿನಾ ನನ್ನ ದೋಣಿಯಲ್ಲೇ ಹೋಗಿ ಬರುವವಳು, ಬಾಯಿಯಲ್ಲಿ ನನಗಿಂತ ಒಂದು ಕೈ ಮೇಲು. "ಮೀನು ನೀರಿಂದ ಬಂದದ್ದು, ನೀರಿಗೇ ಹೋಯ್ತು, ಇರ್ಲಿ. ನಿನ್ನ ಕೈಗೆ ಎಂತ ಆಯ್ತು ಅದನ್ನು ಹೇಳು" ಎಂದಳು. ಹೇಳಿದೆ. ಅವಳಿಗೆ ಹೇಳಿದ ಮೇಲೆ ಊರಿಗೆ ಬೇರೆ ಡಂಗುರ ಬೇಕಾಗಲಿಲ್ಲ.

ಅವತ್ತು ಸಂಜೆಯೇ ಕುಪ್ಪಯ್ಯ ಮನೆಗೆ ಬಂದರು. ಜಗಲಿಯಲ್ಲಿ ಕೂತು ಬಹಳ ಹೊತ್ತು ತಮ್ಮ ಅಂಗೈಯನ್ನೇ ನೋಡಿಕೊಂಡರು. "ಹಬ್ಬ ಬರ್ಲಿಕ್ಕೆ ಹೆಚ್ಚು ದಿನ ಇಲ್ಲ ಸುಗಂಧಿ. ಗಂಟೆ ಹತ್ರ ಬೆಂಚು ಅಗಲ ಉಂಟು. ಇಬ್ರು ಕೂತ್ಕೊಳ್ಬಹುದು" ಎಂದರು.

ಅವರು ಅದನ್ನು ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. "ನಾನು ಕೂತ್ಕೊಳ್ಳುವವಳಲ್ಲ ಕುಪ್ಪಣ್ಣ" ಎಂದೆ.

"ನಿಂತು ಎಂತ ಮಾಡ್ತಿ? ಕೈಯಲ್ಲಿ ನೀರು ಗೊತ್ತಾಗದವರಿಗೆ ಚುಕ್ಕಾಣಿ ಇಲ್ಲ. ನನಗೂ ಇರ್ಲಿಲ್ಲ."

ಮರುದಿನ ಮೊದಲ ಬಸ್ಸಿಗೆ ದೊಡ್ಡ ಬಂದರಿಗೆ ಹೋದೆ. ಅಲ್ಲಿಯ ದೋಣಿಗಳಿಗೆ, ನಮ್ಮದಕ್ಕೆ ಇರುವ ಹಾಗೆ ಹಗ್ಗವಾಗಲಿ ಸರಪಳಿಯಾಗಲಿ ಇಲ್ಲದ ಚುಕ್ಕಾಣಿ ಬಂದಿದೆ ಎಂದು ಕೇಳಿದ್ದೆ. ಅದನ್ನು ಕೂರಿಸುವವನು ಬೋನಿಫಾಸ್, ಎಲ್ಲರ ಬಾಯಲ್ಲಿ ಬೋನಿ. ತಗಡಿನ ಶೆಡ್ಡಿನಲ್ಲಿ ಒಡೆದುಹಾಕಿದ ಟ್ರಾಲರೊಂದರ ಸಾಮಾನು ಬಿಡಿಸಿಕೊಂಡು ಕೂತಿದ್ದ. ಒಂದು ಸಣ್ಣ ಚಕ್ರ, ಇಂಜಿನ್ನಿನ ವೇಗಕ್ಕೂ ಗೇರಿಗೂ ಒಂದೇ ಲಿವರ್, ಬೆರಳಗಲದ ಸ್ಕ್ರೀನು, ಒಂದು ಕಪ್ಪು ಡಬ್ಬಿ. "ಹಗ್ಗ ಎಲ್ಲಿ?" ಎಂದು ಕೇಳಿದೆ.

"ಹಗ್ಗ ಇಲ್ಲಕ್ಕ, ವಯರ್ ಮಾತ್ರ. ನೀವು ಇಲ್ಲಿ ಚಕ್ರ ತಿರುಗಿಸ್ತೀರಿ, ಎಷ್ಟು ತಿರುಗಿಸಿದ್ರಿ ಅಂತ ಡಬ್ಬಿ ಓದ್ತದೆ. ಹಿಂದೆ ನೀರಲ್ಲಿರುವ ಚುಕ್ಕಾಣಿ ಹಲಗೆ ಹತ್ರ ಒಂದು ಮೋಟರ್ ಉಂಟು, ಅದಕ್ಕೆ ಹೇಳ್ತದೆ. ಮೋಟರ್ ಹಲಗೆ ನೂಕ್ತದೆ. ಇಂಜಿನ್ನಿಗೂ ಹಾಗೇ. ಒಂದು ಬೆರಳು ಸಾಕು, ಮಕ್ಕಳೂ ಬಿಡಬಹುದು."

ಚಕ್ರ ತಿರುಗಿಸಿ ನೋಡಿದೆ. ಗಾಳಿಯಲ್ಲಿ ಕೈ ಆಡಿಸಿದ ಹಾಗಿತ್ತು. ಜೋಮಿಲ್ಲದ ಕೈಗೂ ಅದರಲ್ಲಿ ಏನೂ ತಿಳಿಯುವಂತಿರಲಿಲ್ಲ. ಆದರೆ ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. "ನೀರು ಹಲಗೆಯನ್ನು ಎಷ್ಟು ಒತ್ತುತ್ತದೆ ಅಂತ ಆ ಮೋಟರಿಗೆ ಗೊತ್ತಾಗ್ತದಾ?" ಎಂದೆ. ಬೋನಿ ಗೊತ್ತಾಗುತ್ತದೆ ಎಂದ. ಭಾರ ಹೆಚ್ಚಾದರೆ ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ, ಹಗುರಾದರೆ ಕಡಿಮೆ, ಅದೆಲ್ಲ ಸ್ಕ್ರೀನಿನಲ್ಲಿ ಕಾಣುತ್ತದೆ ಎಂದ. ನನ್ನ ಕೈಗೆ ತಿಳಿಯದ್ದು ತಿಳಿಯುವ ಒಂದು ವಸ್ತು ಇದೆ ಎಂದಾದರೆ ಅದನ್ನು ಬಿಟ್ಟು ಬರುವವಳು ನಾನಲ್ಲ. ಸೆಟ್ಟಿನ ಜೊತೆ ಬೋನಿಯನ್ನೂ ಬಸ್ಸಿಗೆ ಹತ್ತಿಸಿದೆ. ದಾರಿಯಲ್ಲಿ ಮಗ್ಗುಲಿನ ವಿಷಯ ಹೇಳಿದೆ. ನಕ್ಕ. ನಗಲಿ ಎಂದು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಹಗ್ಗ ರಾಟೆಗಳನ್ನು ಬಿಚ್ಚಿ ಹಿಂದೆ ಮೋಟರು ಕೂರಿಸಿದ, ಡಬ್ಬಿಯನ್ನು ಸೀಟಿನ ಕೆಳಗೆ ಬಿಗಿದ, ಎಲ್ಲ ಪುಸ್ತಕದಲ್ಲಿದ್ದ ಹಾಗೆ. ದೋಣಿ ಬೆಣ್ಣೆಯಂತೆ ಹೊರಟಿತು. ಮಗ್ಗುಲು ದಾಟಿದ್ದೇ ಡಬ್ಬಿ ಕಿರುಚಿಕೊಂಡಿತು. ಇಂಜಿನ್ನು ತಾನಾಗಿ ನ್ಯೂಟ್ರಲ್ಲಿಗೆ ಬಿತ್ತು, ನಾವು ಸೆಳೆತದಲ್ಲಿ ತೇಲತೊಡಗಿದೆವು. ಬಲಕ್ಕೆ ಹೇಳಿದರೆ ದೋಣಿ ಎಡಕ್ಕೆ ಹೋಗುತ್ತಿದೆ, ಏನೋ ಕೆಟ್ಟಿದೆ ಎಂದು ಅದು ಹೆದರಿ ಕೈ ಬಿಟ್ಟಿತ್ತು. ಹುಟ್ಟು ಹಾಕಿ ಆಚೆ ದಡ ಮುಟ್ಟಿದೆವು, ಬೋನಿ ಬೆವರಿಕೊಂಡೇ ಅಲ್ಲಿಂದ ಕಂಪನಿಗೆ ಫೋನು ಮಾಡಿದ. ಅವರು ನೀವು ವಯರು ಉಲ್ಟಾ ಕೊಟ್ಟಿದ್ದೀರಿ, ಬದಲಿಸಿ ಎಂದರು. ಬದಲಿಸಿದ. ವಾಪಸು ಬರುವಾಗ ಮಗ್ಗುಲು ದಾಟಿದ್ದೇ ಮತ್ತೆ ಕಿರುಚಿತು. ಈಚೆ ದಡದಿಂದ ಮತ್ತೆ ಫೋನು ಮಾಡಿದ. ವಯರು ಉಲ್ಟಾ ಆಗಿದೆ, ಬದಲಿಸಿ ಎಂದು ಮತ್ತೆ ಅದೇ ಉತ್ತರ. ನಿಮ್ಮ ಕಡೆಯದೇ ಉಲ್ಟಾ ಎಂದು ಕಂಪನಿಯವರೇ ಹೇಳಿದ್ದಾರಂತೆ ಎಂದು ಎರಡು ದಡದವರೂ ಒಬ್ಬರಿಗೊಬ್ಬರು ಹೇಳಿಕೊಂಡು ತಿರುಗಾಡಿದರು. ಬೋನಿ ಮಾತ್ರ ಇಂಗು ತಿಂದ ಮಂಗನ ಹಾಗೆ ನೀರನ್ನೇ ನೋಡುತ್ತಾ ಕೂತ. ಅಂದಿನಿಂದ ಅವನು ನಗಲಿಲ್ಲ, ವಾಪಸು ಹೋಗುವ ಮಾತನ್ನೂ ಎತ್ತಲಿಲ್ಲ. ಹಟ ನನಗೊಬ್ಬಳಿಗೇ ಇರುವುದೆಂದು ತಿಳಿದಿದ್ದೆ.

ಹಗಲೆಲ್ಲ ಡಬ್ಬಿಗೆ ಲ್ಯಾಪ್‌ಟಾಪು ಜೋಡಿಸಿ ಕೂತು ಕೊನೆಗೆ ಒಂದು ಉಪಾಯ ಮಾಡಿದ. ಭಾರ ಪಕ್ಕನೆ ಇಳಿದ ಕೂಡಲೇ ಡಬ್ಬಿಯೇ ಎಡಬಲ ಅದಲುಬದಲು ಮಾಡಿಕೊಳ್ಳಬೇಕು. "ಇನ್ನು ಬಲಕ್ಕೆ ಅಂದ್ರೆ ಬಲಕ್ಕೇ ಹೋಗುದು ಅಕ್ಕ, ಲೋಕದಲ್ಲಿ ಎಲ್ಲ ಕಡೆ ಇರುವ ಹಾಗೆ. ನಿಮ್ಮ ಮಗ್ಗುಲು ಮುಗೀತು" ಎಂದ. ಅವತ್ತು ದಿನದ ಜನರನ್ನು ಹತ್ತಿಸಿಕೊಂಡೇ ಹೊರಟೆ. ಡಬ್ಬಿ ತನ್ನ ಕೆಲಸ ಸರಿಯಾಗಿಯೇ ಮಾಡಿತು. ತಪ್ಪಿದ್ದು ನಾನು. ನಡುನೀರು ದಾಟಿ ಆಚೆ ದಡ ಹತ್ತಿರವಾದದ್ದು ಕಂಡದ್ದೇ ನನ್ನ ಕೈ ತಾನಾಗಿ ಬದಲಾಯಿತು. ಇಷ್ಟು ವರ್ಷ ಆಚೆ ನೀರಿನಲ್ಲಿ ಬಲಕ್ಕೆ ಹೋಗಬೇಕಾದರೆ ಎಡಕ್ಕೆ ತಿರುಗಿಸಿದ ಕೈ ಅದು. ಡಬ್ಬಿಯೂ ಬದಲಿಸಿತು, ನಾನೂ ಬದಲಿಸಿದೆ, ದೋಣಿ ಎಡಕ್ಕೆ ಹೋಗಿ ಬಲೆ ಕಟ್ಟುವ ಗೂಟಗಳಿಗೆ ಸಿಕ್ಕಿಕೊಂಡಿತು. "ಬಲಕ್ಕೆ ಅಕ್ಕ, ಬಲಕ್ಕೆ" ಎಂದು ಬೋನಿ ಬಡಿದುಕೊಳ್ಳುತ್ತಿದ್ದ. "ಬಲಕ್ಕೇ ಹೋಗ್ಲಿಕ್ಕೆ ಎಡಕ್ಕೆ ತಿರುಗಿಸ್ತಾ ಇದ್ದೇನೆ ಮಾರಾಯ" ಎಂದೆ. ಅವನು ತಲೆಗೆ ಕೈಯಿಟ್ಟುಕೊಂಡು ಕೂತ.

ಅಭ್ಯಾಸ ಬಿಡಿ ಎಂದ. ಬಿಡಲು ನೋಡಿದೆ, ಸುಳ್ಳು ಹೇಳುವುದಿಲ್ಲ. ಚಕ್ರದ ಬಲಬದಿಗೆ ಕುಂಕುಮ ಹಚ್ಚಿ ಇದು ಬಲ ಇದು ಬಲ ಎಂದು ಬಾಯಲ್ಲಿ ಹೇಳಿಕೊಂಡೇ ದಾಟಿದೆ. ಒಂದು ದಿನ ಗೂಟಕ್ಕೂ ತಾಗದೆ ಸಲೀಸಾಗಿ ದಡ ಮುಟ್ಟಿದೆವು. ಬೋನಿಯ ಮುಖ ಅರಳಿತು. ಆದರೆ ವಾರಿಜ ಬುಟ್ಟಿಯನ್ನು ಬಲಗೈಯಲ್ಲೇ ಹಿಡಿದುಕೊಂಡು ಏಳದೆ ಕೂತಿದ್ದಳು. "ಮಗ್ಗುಲು ಎಲ್ಲಿ ಹೋಯ್ತು?" ಎಂದಳು. ನಾನು ಕೂಗಿರಲಿಲ್ಲ. ಯಾವಾಗ ದಾಟಿದೆವೋ ನನಗೇ ಗೊತ್ತಾಗಿರಲಿಲ್ಲ. "ದೋಣಿ ಬಂದು ಮುಟ್ಟಿದ್ದು ಹೌದು, ನಾನು ಇನ್ನೂ ಬರ್ಲಿಲ್ಲ ಅಂತ ಕಾಣ್ತದೆ. ಕೈ ಸೋತುಹೋಯ್ತು ನನ್ನದು" ಎಂದು ಸಿಟ್ಟಿನಿಂದಲೇ ಇಳಿದು ಹೋದಳು. ಅವಳ ಹಿಂದಿನವರೂ ಮುಖ ಗಂಟಿಕ್ಕಿಕೊಂಡೇ ಇಳಿದರು.

ಖಾಲಿ ದೋಣಿಯಲ್ಲಿ ಕೂತಾಗ ನನಗೆ ಅರ್ಥವಾಯಿತು. ನಾನು ಹುಡುಕಿಕೊಂಡು ಹೋದದ್ದು ನನ್ನ ಕೈಗೆ ಬದಲಿ ಕೈಯನ್ನು. ಇವನು ತಂದು ಕೂರಿಸಿದ್ದು ನನಗೇ ಬದಲಿಯನ್ನು. ಇದು ಹೀಗೆಯೇ ನಡೆದರೆ ನಾನು ಬೆಂಚಿನ ಮೇಲೆ ಕೂತರೂ ಒಂದೇ, ಚಕ್ರದ ಹಿಂದೆ ಕೂತರೂ ಒಂದೇ.

"ಬೋನಿ" ಎಂದೆ. "ಬದಲಿಸುವ ಕೆಲಸ ಅದಕ್ಕೆ ಬೇಡ, ಅದು ನನ್ನದು. ಹೆದರಿ ಇಂಜಿನ್ ಬಿಡುವ ಕೆಲಸವೂ ಬೇಡ. ಅದಕ್ಕೆ ಗೊತ್ತಾದದ್ದನ್ನು ನನಗೆ ಹೇಳ್ಲಿ, ಅಷ್ಟು ಸಾಕು."

"ಹೇಗೆ ಹೇಳುದು? ಲೈಟ್ ಹಾಕಿದ್ರೆ ನಿಮ್ಮ ಕಣ್ಣು ಕಟ್ಟಿರ್ತಾರೆ. ಶಬ್ದ ಮಾಡಿದ್ರೆ ಇಂಜಿನ್ನಿನ ಗಲಾಟೆ."

"ಮೈಗೆ ಹೇಳ್ಲಿ."

"ಯಾವ ಮೈಗೆ ಅಕ್ಕ? ನಿಮ್ಮ ಕೈಗೆ ಸೂಜಿ ಚುಚ್ಚಿದ್ರೂ ಗೊತ್ತಾಗುದಿಲ್ಲ."

ಮನೆಗೆ ಹೋಗಿ ವಾರಿಜಳನ್ನು ಕರೆದು, ಹಿಡಿಸೂಡಿ ಪೊರಕೆಯ ಕಡ್ಡಿಯೊಂದನ್ನು ಅವಳ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಕೂತೆ. ಎಲ್ಲೆಲ್ಲಿ ಮುಟ್ಟಿದ್ದು ತಿಳಿಯುತ್ತದೆ ನೋಡು ಎಂದೆ. ಪಾದ ಸತ್ತಿತ್ತು, ಮೊಣಕಾಲಿನ ಕೆಳಗೆ ಮಂಜು ಮಂಜು, ಅಂಗೈ ಕೇಳುವುದೇ ಬೇಡ. ಮೊಣಕೈ ದಾಟಿದ ಮೇಲೆ ಸ್ವಲ್ಪ ಜೀವ. ಭುಜ ಚೆನ್ನಾಗಿತ್ತು. ತುರುಬಿನ ಕೆಳಗೆ, ಕುತ್ತಿಗೆಯ ಹಿಂಭಾಗಕ್ಕೆ ಕಡ್ಡಿ ತಾಗಿದಾಗ ನಾನು ಕೂತಲ್ಲೇ ಬೆಚ್ಚಿಬಿದ್ದೆ. ಇಷ್ಟು ವರ್ಷ ಕಡಲಗಾಳಿಗೆ ಬೆನ್ನು ಕೊಟ್ಟು ಚುಕ್ಕಾಣಿ ಹಿಡಿದವಳಿಗೆ ಅಲ್ಲಿ ಇಷ್ಟು ಎಚ್ಚರ ಇದೆ ಎಂದು ತಿಳಿದೇ ಇರಲಿಲ್ಲ. ವಾರಿಜ ಕಡ್ಡಿ ಬಿಸಾಡಿ ನಕ್ಕಳು. "ಸಿಕ್ಕಿತು ನೋಡು" ಎಂದಳು. ನನಗೆ ಅಳು ಬಂತು, ಒರೆಸಿಕೊಂಡೆ.

ಬೋನಿ ಹಳೆಯ ಮೊಬೈಲುಗಳಲ್ಲಿ ಗುರ್ ಎನ್ನುವ ತುಂಡು ಇರುತ್ತದಲ್ಲ, ಅದನ್ನು ಬಿಡಿಸಿ, ನೀರು ಹೋಗದ ಹಾಗೆ ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಸುತ್ತಿ, ತೆಳ್ಳನೆ ವಯರಿನಲ್ಲಿ ಡಬ್ಬಿಗೆ ಸೇರಿಸಿದ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೆ. ಮಗ್ಗುಲು ಬಂದಾಗ ಅದು ಒಮ್ಮೆ ಗುರ್ ಎಂದಿತು. ಬೋನಿ ನನ್ನ ಮುಖ ನೋಡಿದ. ನಾನು ತಲೆ ಅಲ್ಲಾಡಿಸಿದೆ.

"ಇನ್ನು ಎಂತ ಅಕ್ಕ?"

"ಇದು ಗಂಟೆ ಬೋನಿ. ನನಗೆ ಗಂಟೆ ಬೇಡ. ನೀರು ಬೇಕು."

ಅವನು ಸಿಟ್ಟು ಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ. ಹಗ್ಗದ ಚುಕ್ಕಾಣಿಯಲ್ಲಿ ಕೈಗೆ ಏನೆಲ್ಲ ತಿಳಿಯುತ್ತದೆ ಹೇಳಿ ಎಂದು ಕೇಳಿದ. ಹೇಳಿದೆ. ದಡ ಬಿಡುವಾಗ ಸಣ್ಣ ಭಾರ, ಸೆಳೆತಕ್ಕೆ ಸಿಕ್ಕಾಗ ಎಳೆದಾಟ, ಕೆಸರಿನ ಮೇಲೆ ಹೋಗುವಾಗ ಒಂದು ಬಗೆಯ ತೂಕಡಿಕೆ, ಬೇರೆ ದೋಣಿ ಹಾದುಹೋದ ಮೇಲೆ ಅದರ ಅಲೆ, ಇದೆಲ್ಲ ತುಂಬಿಕೊಂಡಿರುವಾಗ ಪಕ್ಕನೆ ಏನೂ ಇಲ್ಲದಿರುವುದೇ ಮಗ್ಗುಲು. ಏನಾದರೂ ಇದ್ದರಲ್ಲವೇ ಇಲ್ಲದ್ದು ತಿಳಿಯುವುದು? ಬೋನಿ ಮತ್ತೆ ಲ್ಯಾಪ್‌ಟಾಪು ತೆರೆದ. ಮೋಟರಿಗೆ ಭಾರ ಹೆಚ್ಚಾದಷ್ಟೂ ಗುಂಯ್‌ಗುಡುವುದು ಹೆಚ್ಚಾಗಬೇಕು, ಕಡಿಮೆಯಾದಷ್ಟೂ ಕಡಿಮೆಯಾಗಬೇಕು, ಹಾಗೆ ಮಾಡಿಕೊಟ್ಟ. ಅದನ್ನು ಕಟ್ಟಿಕೊಂಡು ದಡ ಬಿಟ್ಟಾಗ ಕುತ್ತಿಗೆಯಲ್ಲಿ ಹೊಳೆ ಎದ್ದು ಕೂತಿತು. ಎಷ್ಟೋ ತಿಂಗಳಿನಿಂದ ಮಾತು ಬಿಟ್ಟಿದ್ದವರು ಮನೆಗೆ ಬಂದಷ್ಟು ಖುಷಿಯಾಯಿತು ನನಗೆ.

ಹಬ್ಬದವರೆಗೆ ಬಿಡುವಾದಾಗಲೆಲ್ಲ ಕಣ್ಣು ಕಟ್ಟಿಕೊಂಡು ಅಭ್ಯಾಸ ಮಾಡಿದೆ. ವಾರಿಜ ಮೂತಿಯಲ್ಲಿ ನಿಂತು ಬೈಯುತ್ತಿದ್ದಳು. ಮೊದಮೊದಲು ಕುತ್ತಿಗೆಗೆ ತಿಳಿದದ್ದು ಕೈಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು. ಕಾಂಡ್ಲಾದೊಳಗೆ ನುಗ್ಗಿದೆ, ಕೆಸರಿಗೆ ಹತ್ತಿಸಿದೆ, ಎರಡೂ ಕಡೆಯ ಮಕ್ಕಳಿಗೆ ಒಳ್ಳೆಯ ತಮಾಷೆಯಾಯಿತು. ಬಿಡಲಿಲ್ಲ. ಮನೆಯಲ್ಲಿ ಅನ್ನ ಬಸಿಯುವಾಗಲೂ ವಯರು ಕಳಚಿದ ಆ ಪಟ್ಟಿ ಕುತ್ತಿಗೆಯಲ್ಲೇ ಇರುತ್ತಿತ್ತು.

ತೆನೆ ಹಬ್ಬದ ಮರುದಿನ ಬೆಳಿಗ್ಗೆ ಕಡವಿನಲ್ಲಿ ಜನವೋ ಜನ. ಹಲಸಿನ ಹಪ್ಪಳದ ಡಬ್ಬ, ಅಕ್ಕಿ ಚೀಲ, ಒಬ್ಬನ ಕೈಯಲ್ಲಿ ಕೋಳಿ, ಹೀಗೆ ಭಾರ ಹಿಡಿದುಕೊಂಡು ದೋಣಿ ತುಂಬಿದರು. ಬಟ್ಟೆ ಕಟ್ಟುವುದು ಕುಪ್ಪಯ್ಯನವರ ಕೆಲಸ. ಗಂಟು ಹಾಕುವಾಗ ಅವರ ಬೆರಳು ಪಟ್ಟಿಗೆ ತಾಗಿ ಅಲ್ಲಿಯೇ ನಿಂತಿತು.

"ಇದೆಂತ?"

"ನನ್ನ ಕೈ" ಎಂದೆ.

"ಕೈ ಅಲ್ಲ ಇದು, ಕುತ್ತಿಗೆ. ಕೈಗೆ ಗೊತ್ತಾಗ್ಬೇಕು ಅಂತ ಪದ್ಧತಿ."

"ಪದ್ಧತಿಯಲ್ಲಿ ಕಣ್ಣು ಕಟ್ಬೇಕು ಅಂತ ಉಂಟು ಕುಪ್ಪಣ್ಣ, ಕಟ್ಟಿ. ಕುತ್ತಿಗೆ ಕಟ್ಬೇಕು ಅಂತ ಎಲ್ಲಿ ಉಂಟು?"

ದಡದಲ್ಲಿ ಗುಜುಗುಜು ಎದ್ದಿತು. ಡಬ್ಬಿ ಓಡಿಸುವುದಾದರೆ ಪರೀಕ್ಷೆ ಯಾರಿಗೆ ಎಂದು ಯಾರೋ ಕೇಳಿದರು. ಡಬ್ಬಿ ಓಡಿಸುವುದಿಲ್ಲ, ತಪ್ಪಿದರೆ ನಾನೇ ತಪ್ಪುವುದು ಎಂದು ಬೋನಿ ಹೇಳಿಕೊಟ್ಟ ಮಾತನ್ನೆಲ್ಲ ಹೇಳಬೇಕೆಂದಿದ್ದೆ. ಹೇಳದೆ ಚಕ್ರ ಹಿಡಿದುಕೊಂಡೆ. ಕಣ್ಣಿಗೆ ಬಟ್ಟೆ ಇದ್ದುದರಿಂದ ಕುಪ್ಪಯ್ಯನವರ ಮುಖ ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ದೋಣಿ ಒಂದು ಕಡೆಗೆ ವಾಲಿತು, ಯಾರೋ ಹತ್ತಿದ್ದರು. 

"ದೋಣಿ ಹೇಳ್ಲಿ. ನಾನೂ ಬರ್ತೇನೆ" ಎಂದು ಕುಪ್ಪಯ್ಯನವರ ದನಿ ನನ್ನ ಪಕ್ಕದಲ್ಲೇ ಕೇಳಿತು.

ಲಿವರ್ ಮುಂದೆ ನೂಕಿದೆ. ದಡದ ನೀರು ಕುತ್ತಿಗೆಯಲ್ಲಿ ಸಣ್ಣಗೆ ಗುಂಯ್ ಎಂದಿತು. ಮೂತಿಯಲ್ಲಿ ವಾರಿಜ ಇದ್ದಳು, ಅವತ್ತು ಬೈಗುಳ ಬಿಟ್ಟು ದಾರಿ ಮಾತ್ರ ಹೇಳುತ್ತಿದ್ದಳು. ಸೆಳೆತ ಇನ್ನೂ ಹಿಡಿದಿರಲಿಲ್ಲ. ಆಮೆಕಲ್ಲು ಇನ್ನೂ ದೂರ ಇದೆ ಎಂದು ಅವಳು ಹೇಳಿ ಬಾಯಿ ಮುಚ್ಚುವ ಮೊದಲೇ ಕುತ್ತಿಗೆಯಲ್ಲಿದ್ದ ನೀರು ನಿಂತುಹೋಯಿತು. ಇಷ್ಟು ಈಚೆಗೆ ಮಗ್ಗುಲು ಬಂದದ್ದನ್ನು ನಾನೂ ಕಂಡಿರಲಿಲ್ಲ, ಹಳಬರು ಹೇಳಿದ್ದನ್ನೂ ಕೇಳಿರಲಿಲ್ಲ. ವಯರು ಕಳಚಿತೋ ಏನೋ. ರಬ್ಬರಿನೊಳಗೆ ನೀರು ಹೋಯಿತೋ ಏನೋ. ಕೂಗದಿದ್ದರೆ ಮಾನ ಉಳಿದೀತು, ಇನ್ನೂ ಸ್ವಲ್ಪ ಮುಂದೆ ಹೋಗಿ ನೋಡಬಹುದು. ಮತ್ತೆ ಸಣ್ಣಗೆ ಗುಂಯ್ ಎಂದು ಶುರುವಾಯಿತು. ವಯರು ಕಳಚಿರಲಿಲ್ಲ.

"ಮಗ್ಗುಲು ಬಂತು" ಎಂದು ಕೂಗಿದೆ.

ಯಾರೂ ಕದಲಲಿಲ್ಲ. ಚೀಲ ಸರಿದ ಸದ್ದಿಲ್ಲ, ಕೋಳಿ ಕೂಡ ಸುಮ್ಮನಿತ್ತು. ಇಲ್ಲಿಯಾ, ಇಷ್ಟು ಬೇಗವಾ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ನಾನು ಕೈ ಬದಲಿಸಿದೆ. ಈಗ ಸೆಳೆತ ಹಿಡಿಯಿತು, ವಾರಿಜ ಕಲ್ಲು ಎಡಕ್ಕೆ ಎಂದಳು, ಬಲಕ್ಕೆ ಹೋಗಬೇಕು. ಎಡಕ್ಕೆ ತಿರುಗಿಸಿದೆ, ಪೂರಾ ತಿರುಗಿಸಿದೆ. ನನ್ನ ಲೆಕ್ಕ ತಪ್ಪಿದ್ದರೆ ದೋಣಿ ನೇರ ಕಲ್ಲಿಗೆ. ದೋಣಿ ಮೆಲ್ಲಗೆ ವಾಲಿತು, ನೀರು ಕುತ್ತಿಗೆಯಲ್ಲಿ ತುಂಬಿ ಬಂತು, ಕಲ್ಲಿಗೆ ಬಡಿಯುವ ನೀರಿನ ಸದ್ದು ಎಡಕಿವಿಯಿಂದ ಹಾದು ಹಿಂದಕ್ಕೆ ಹೋಯಿತು. ಮೊದಲು ವಾರಿಜಳ ಬುಟ್ಟಿ ಬದಲಾದ ಸದ್ದು ಕೇಳಿತು. ಆಮೇಲೆ ಚೀಲಗಳು, ಡಬ್ಬಗಳು, ಕೊನೆಗೆ ಕೊಕ್ ಎಂದು ಕೋಳಿ.

ಆಚೆ ದಡದಲ್ಲಿ ಬಟ್ಟೆ ಬಿಚ್ಚಿದರು. ಯಾರೂ ಹೊಗಳಲಿಲ್ಲ, ನಮ್ಮಲ್ಲಿ ಆ ಪದ್ಧತಿ ಇಲ್ಲ. ಬೋನಿ ಮಾತ್ರ ಬೆನ್ನು ತಿರುಗಿಸಿ ನಿಂತು ಮೂಗು ಒರೆಸಿಕೊಂಡ. ಚುಕ್ಕಾಣಿ ನನ್ನದಾಗಿಯೇ ಉಳಿಯಿತು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ, ವಾಪಸು ಹೊರಡಲು ಜನ ಎಂದಿನಂತೆ ನೂಕಾಡಿಕೊಂಡು ಹತ್ತಿದರು, ನಾನು ಎಂದಿನಂತೆ ಗದರಿಸಿದೆ.

ಕುಪ್ಪಯ್ಯ ಕೂತಲ್ಲಿಂದ ಎದ್ದಿರಲಿಲ್ಲ. ಆ ಸಣ್ಣ ಚಕ್ರವನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡದೆ, "ಅದನ್ನು ಒಮ್ಮೆ ಇಲ್ಲಿ ಕೊಡು, ನೋಡುವ" ಎಂದು ಕೈ ಚಾಚಿದರು. ನಾನು ಪಟ್ಟಿ ಬಿಚ್ಚಿ ಅವರ ಕುತ್ತಿಗೆಗೆ ಕಟ್ಟಿದೆ. ಕಟ್ಟುವಾಗ ನನ್ನ ಬೆರಳಿಗೆ ಅವರ ಚರ್ಮ ತಿಳಿಯಲಿಲ್ಲ, ಗಂಟು ಸರಿಯಾಗಿದೆಯೇ ಎಂದು ಬಗ್ಗಿ ಕಣ್ಣಿನಿಂದ ನೋಡಿಕೊಂಡೆ. ಅವರು ಚಕ್ರದ ಹಿಂದೆ ಹೋಗಿ ಕೂತರು. ಒಂದು ಬೆರಳು ಸಾಕು ಎಂದು ಬೋನಿ ಹೇಳಿದರೂ ಎರಡೂ ಕೈಯಲ್ಲಿ ಹಿಡಿದರು.

ನನಗೆ ಕೂರಲು ಜಾಗವಿರಲಿಲ್ಲ, ಜನರ ನಡುವೆ ನಿಂತೆ. ದೋಣಿ ದಡ ಬಿಟ್ಟಾಗ ಅವರ ಮುಖ ಬಿಗಿದುಕೊಂಡಿತ್ತು. ಸ್ವಲ್ಪ ದೂರ ಬಂದ ಮೇಲೆ ಬಾಯಿ ತೆರೆದುಕೊಂಡಿತು, ಹಾಗೆಯೇ ತೆರೆದುಕೊಂಡಿತ್ತು. ಕೆಸರಿನ ಮೇಲೆ ಹೋಗುವಾಗ ತಮಗೆ ತಾವೇ "ಹಾಂ, ಇಲ್ಲಿ ಕೆಸರು" ಎಂದುಕೊಂಡರು. ವಾರಿಜ ನನ್ನ ಖಾಲಿ ಕೈ ನೋಡಿ, "ಖಾಲಿ ಕೈಯಲ್ಲಿ ಬರ್ಲಿಕ್ಕಿಲ್ಲ, ಗೊತ್ತುಂಟಲ್ಲ" ಎಂದು ತನ್ನ ಬುಟ್ಟಿಯನ್ನು ನನ್ನ ಬಲಗೈಗೆ ಸಿಕ್ಕಿಸಿದಳು.

ಆಮೆಕಲ್ಲು ಹಾದುಹೋಯಿತು. ಕುಪ್ಪಯ್ಯ ಕಣ್ಣು ಮುಚ್ಚಿದ್ದರು, ಯಾರೂ ಕಟ್ಟಿರಲಿಲ್ಲ, ತಾವೇ ಮುಚ್ಚಿದ್ದರು. ಈಗ ಬರಬೇಕು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಊರು ಎಷ್ಟೋ ವರ್ಷದಿಂದ ಕೇಳದ ಆ ದನಿಯ ಕೂಗು ಬಂತು. ಮೊದಲು ಒಡೆಯಿತು, ಆಮೇಲೆ ಸರಿಯಾಯಿತು.

"ಮಗ್ಗುಲು ಬಂತು."

ಎಲ್ಲರೂ ಬದಲಿಸಿಕೊಂಡರು. ಚುಕ್ಕಾಣಿ ಹಿಡಿದ ಮೇಲೆ ನಾನು ದೋಣಿಯಲ್ಲಿ ಭಾರ ಹೊತ್ತು ನಿಂತವಳೇ ಅಲ್ಲ. ಬುಟ್ಟಿಯನ್ನು ಬಲಗೈಯಿಂದ ಎಡಗೈಗೆ ತಂದೆ. ಅಂಗೈಗೆ ಏನೂ ತಿಳಿಯಲಿಲ್ಲ, ಭುಜಕ್ಕೆ ತಿಳಿಯಿತು.

ದೋಣಿ ಕಡವಿಗೆ ಬಂದು ತಾಗಿತು. ದಡದಲ್ಲಿ ಕಾಯುತ್ತಿದ್ದವರಿಗೆ ನಾವು ಬಂದದ್ದು ಗೊತ್ತಾಗಲಿಲ್ಲ, ಆಚೆ ತಿರುಗಿ ಮಾತಾಡುತ್ತಲೇ ಇದ್ದರು. ಗಂಟೆ ಹೊಡೆಯಲು ಬೆಂಚಿನ ಮೇಲೆ ಯಾರೂ ಇರಲಿಲ್ಲ.